ಗುಬ್ಬಚ್ಚಿಯ ಕುರ್ಚಿಯಲ್ಲಿ ಕೂತವಳು

"ಟೈಮ್ ಆಯ್ತು, ಮೂರನೇ ಸೀಟು ಏಳಿ."

ಆ ದನಿ ಕಿವಿಗೆ ಬಿದ್ದ ಕೂಡಲೇ ಯಶೋಧರಾ ಬ್ರೌಸಿಂಗ್ ಸೆಂಟರಿನ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಳೆದ ಭಾನುವಾರ ಶಿವಮೊಗ್ಗದ ಹೋಟೆಲಿನಲ್ಲಿ ತನ್ನ ಎರಡೂ ಕೈ ಹಿಡಿದುಕೊಂಡು "ನಾನೇ ಗುಬ್ಬಚ್ಚಿ" ಎಂದು ಸುಳ್ಳು ಹೇಳಿದ್ದ ದನಿ ಅದೇ.

ಬೆಳಗಿನಿಂದ ಭದ್ರಾವತಿಯ ಸೆಂಟರುಗಳನ್ನು ಒಂದೊಂದಾಗಿ ಹತ್ತಿ ಇಳಿದು ಅವಳ ಕಾಲು ಸೋತಿದ್ದವು. ಹೊಸಮನೆಯ ಈ ಸೆಂಟರು ಮಹಡಿಯ ಮೇಲಿತ್ತು. ಪ್ಲೈವುಡ್ ಹಲಗೆ ಅಡ್ಡ ಇಟ್ಟು ಗೂಡು ಮಾಡಿದ ಉದ್ದನೆಯ ಕೋಣೆ. ರಸ್ತೆ ಕಡೆಗೆ ಒಂದೇ ಒಂದು ಕಿಟಕಿ. ಬಾಗಿಲ ಪಕ್ಕದ ಮೇಜಿನ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು.

ಹೆಂಗಸು ತಲೆ ಎತ್ತಿದಳು. ಮುಖದ ಬಣ್ಣ ಇಳಿಯಿತು. ಆದರೂ ಸಾವರಿಸಿಕೊಂಡು, ಎಂದೂ ಕಂಡಿಲ್ಲದವಳಂತೆ ಕೇಳಿದಳು: "ಬ್ರೌಸಿಂಗಾ ಮೇಡಂ?"

"ಅಲ್ಲಮ್ಮ. ನಮ್ಮನೇಲಿ ಇವತ್ತೂ ಉಪ್ಪಿಟ್ಟು. ಯಾರಾದ್ರೂ ಬಂದು ಕಾಪಾಡ್ತಾರೇನೋ ಅಂತ ನೋಡ್ತಿದೀನಿ."

ಹೆಂಗಸಿನ ತುಟಿ ಅವಳ ಅಪ್ಪಣೆಗೂ ಕಾಯದೆ ನಕ್ಕುಬಿಟ್ಟಿತು. ನಕ್ಕ ಮೇಲೆ, ಸಿಕ್ಕಿಬಿದ್ದೆ ಅನ್ನುವುದು ಅವಳಿಗೆ ತಿಳಿಯಿತು.

ಆ ಮಾತಿಗೆ ಹಾಗೆ ನಗಬೇಕಾದರೆ ಹರಟೆಕಟ್ಟೆ ಗೊತ್ತಿರಬೇಕು. ಶಿವಮೊಗ್ಗ ಭದ್ರಾವತಿ ಸೀಮೆಯ ಹತ್ತು ಹನ್ನೆರಡು ಜನ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡಿದ್ದ ಗುಂಪು ಅದು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದರು. ಬೆಳಿಗ್ಗೆ ಎದ್ದರೆ ಎಲ್ಲರಿಗೂ ಒಂದೇ ಪ್ರಶ್ನೆ: ಏನ್ ತಿಂಡಿ? ಹೊಳೆಹೊನ್ನೂರಿನ 'ಬೆಣ್ಣೆಮುರುಕು' ದಿನಾ ಒಂದು ಹೊಸ ಚಟ್ನಿ ಹೇಳಿ ಹೊಟ್ಟೆ ಉರಿಸುತ್ತಿದ್ದಳು. ನವುಲೆಯ ಆನಂದ್ 'ಪ್ರೊಫೆಸರ್' ಅನ್ನುವ ಹೆಸರಿಟ್ಟುಕೊಂಡು ಎಲ್ಲರ ಕಾಗುಣಿತ ತಿದ್ದಲು ಹೋಗಿ ತಾನೇ ತಪ್ಪಿ ಬೈಸಿಕೊಳ್ಳುತ್ತಿದ್ದ. ಮಂಡಕ್ಕಿ ಶಿವಮೊಗ್ಗದ್ದು ಹೆಚ್ಚೋ ಭದ್ರಾವತಿಯದ್ದು ಹೆಚ್ಚೋ ಎಂಬ ಜಗಳ ಯುಗಾದಿಗೆ ಶುರುವಾಗಿ ದಸರಾ ದಾಟಿತ್ತು.

ಯಶೋಧರಾ ಅಲ್ಲಿ 'ಕೋಸಂಬರಿ'.

ದುರ್ಗಿಗುಡಿಯಲ್ಲಿ ಅವಳಿಗೊಂದು ಆಫೀಸು ಇತ್ತು. ಮದುವೆಗೆ ಮುಂಚೆ ಗಂಡಿನ ಕಡೆಯ, ಹೆಣ್ಣಿನ ಕಡೆಯ ಪೂರ್ವಾಪರ ವಿಚಾರಿಸಿ ಹೇಳುವುದು ಅವಳ ಕಸುಬು. ಗಂಡಿಗೆ ಕುಡಿತ ಉಂಟೋ, ಬೇರೆ ಸಂಸಾರ ಉಂಟೋ, ಹೇಳುವ ನೌಕರಿ ನಿಜವೋ. ದಿನವಿಡೀ ಊರವರ ಸುಳ್ಳನ್ನು ಹೆಕ್ಕಿ ಸಾಕಾಗಿ, ಸಂಜೆ ಕಂಪ್ಯೂಟರಿನ ಮುಂದೆ ಕೂತರೆ ಗುಬ್ಬಚ್ಚಿ ಇರುತ್ತಿದ್ದಳು.

ಗುಬ್ಬಚ್ಚಿ ಇದ್ದರೆ ಕಟ್ಟೆಯ ತುಂಬ ನಗು. ಅವಳು ಬರದ ದಿನ ಎಲ್ಲರೂ ಎರಡು ಮಾತಾಡಿ ಎದ್ದುಹೋಗುತ್ತಿದ್ದರು. ಉಪ್ಪಿಟ್ಟಿನ ಮಾತು ಅವಳದೇ. "ನಮ್ಮನೇಲಿ ಇವತ್ತೂ ಉಪ್ಪಿಟ್ಟು. ಬಾಗಿಲಿಗೆ ಹೊರಗಿನಿಂದ ಚಿಲಕ. ಓಡಿಹೋಗೋಣ ಅಂದ್ರೂ ದಾರಿ ಇಲ್ಲ, ಯಾರಾದ್ರೂ ಬಂದು ಕಾಪಾಡಿ." ಬರೆದ ಕೂಡಲೇ ಎಲ್ಲರೂ ನಗುಮುಖದ ಗುರುತು ಸುರಿಯುತ್ತಿದ್ದರು.

ಎಲ್ಲರೂ ಎದ್ದುಹೋದ ಮೇಲೂ ಅವರಿಬ್ಬರು ಉಳಿಯುತ್ತಿದ್ದರು. ಬೇರೆಯವರಿಗೆ ಕಾಣದ, ಇಬ್ಬರದೇ ಆದ ಕಿಟಕಿಯೊಂದು ತೆರೆದುಕೊಳ್ಳುತ್ತಿತ್ತು. ಯಾರಿಗೂ ಹೇಳದ್ದನ್ನು ಯಶೋಧರಾ ಅಲ್ಲಿ ಹೇಳಿದ್ದಳು.

* * *

"ನಿಮ್ಮ ನಿಜವಾದ ಹೆಸರೇನಮ್ಮ?"

"ದಿವ್ಯಶ್ರೀ." ಹೆಂಗಸು ಗೂಡುಗಳ ಕಡೆ ಹೆದರಿಕೆಯಿಂದ ನೋಡಿದಳು. ಮೂರನೇ ಸೀಟಿನ ಕಾಲೇಜು ಹುಡುಗ ಎದ್ದು ಹೋದ ಮೇಲೆ ಒಳಗೆ ಯಾರೂ ಉಳಿದಿರಲಿಲ್ಲ. "ಸೆಂಟರು ನಮ್ಮಣ್ಣಂದು. ಮೇಡಂ, ದಯವಿಟ್ಟು ಅವನಿಗೆ ಗೊತ್ತಾಗೋದು ಬೇಡ. ನಾನಿಲ್ಲಿ ಇದೀನಿ ಅಂತ ನಿಮಗೆ ಹೇಗೆ..."

"ನೀವೇ ಹೇಳಿದ್ರಿ. ಅವತ್ತು ಕಾಫಿ ಕುಡೀತಾ, 'ಇವತ್ತೊಂದು ದಿನ ಟೈಮ್ ಆಯ್ತು ಅಂತ ಯಾರನ್ನೂ ಎಬ್ಬಿಸಬೇಕಾಗಿಲ್ಲ' ಅಂದ್ರಿ. ಹಾಗೆ ಎಬ್ಬಿಸೋರು ಎಲ್ಲಿರ್ತಾರೆ? ಆಮೇಲೆ ಸಪ್ಲೈಯರ್ ನೀರು ಚೆಲ್ಲಿದಾಗ 'ಪರವಾಯಿಲ್ಲೈ' ಅಂದ್ರಿ. ಶಿವಮೊಗ್ಗದೋರ ಬಾಯಲ್ಲಿ ಅದು ಅಷ್ಟು ಸಲೀಸಾಗಿ ಬರಲ್ಲ. ತಮಿಳರ ಜೊತೆ ಬೆಳೆದ ಭದ್ರಾವತಿಯೋರ ಬಾಯಲ್ಲಿ ಬರುತ್ತೆ."

"ಅಂದ್ರೆ ಅವತ್ತೇ ಗೊತ್ತಾಗಿತ್ತಾ?"

ಯಶೋಧರಾ ತಲೆಯಾಡಿಸಿದಳು. ಗೊತ್ತಾಗಿತ್ತು. ಗೊತ್ತಾದ ಗಳಿಗೆಯನ್ನು ಅವಳು ಇನ್ನೂ ಮರೆತಿರಲಿಲ್ಲ.

ಕಟ್ಟೆಯವರೆಲ್ಲ ಒಮ್ಮೆಯಾದರೂ ಮುಖ ನೋಡಬೇಕು ಎಂದು ಗೊತ್ತುಮಾಡಿಕೊಂಡ ಭಾನುವಾರ ಅದು. ಯಶೋಧರಾ ಎಲ್ಲರಿಗಿಂತ ಮೊದಲೇ ಹೋಗಿ, ತನ್ನ ಎದುರಿನ ಕುರ್ಚಿಯ ಮೇಲೆ ಕೈಚೀಲ ಇಟ್ಟು, ಅದು ಗುಬ್ಬಚ್ಚಿಗೆ ಎಂದು ಕಾದಿದ್ದಳು. ಬಂದವಳು ಆ ಕುರ್ಚಿಯಲ್ಲೇ ಕೂತಳು. ಚಟ್ನಿಯ ಕಥೆಗೆ ನಕ್ಕಳು, ಪ್ರೊಫೆಸರನ ಕಾಗುಣಿತಕ್ಕೆ ಕಾಲೆಳೆದಳು, ಮಂಡಕ್ಕಿ ಜಗಳಕ್ಕೆ ಸರಿಯಾಗಿ ಭದ್ರಾವತಿಯ ಕಡೆ ನಿಂತಳು. ಒಂದೂ ತಪ್ಪಲಿಲ್ಲ.

ಊಟ ಮುಗಿಸಿ ಕೈ ತೊಳೆಯುವಾಗ ಯಶೋಧರಾ ಅವಳ ಪಕ್ಕ ನಿಂತು ಮೆಲ್ಲಗೆ ಹೇಳಿದ್ದಳು: "ಮೊನ್ನೆ ರೈಲಲ್ಲಿ ಬರುವಾಗ ಭದ್ರಾವತಿ ಹತ್ತಿರ ಮತ್ತೆ ಎದ್ದು ಬಾಗಿಲಿಗೆ ಹೋಗಿ ನಿಂತಿದ್ದೆ."

"ಅಯ್ಯೋ ಮಾರಾಯ್ತಿ, ಸೀಟ್ ಸಿಗಲಿಲ್ವಾ?" ಅಂದಿದ್ದಳು ಬಂದವಳು.

ಯಶೋಧರಾಳ ಕೈಮೇಲೆ ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಅವಳಿಗೆ ಇಪ್ಪತ್ತೆರಡಾಗಿದ್ದಾಗ ಒಬ್ಬ ಭದ್ರಾವತಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅವಳಿಗೆ ಕೈ ಬೀಸಿದ್ದ. ಮತ್ತೆ ಅವನು ಸಿಗಲಿಲ್ಲ. ಎಲ್ಲಿಗೋ ಬದಲಿಯಾಗಿ ಹೋದ, ಮದುವೆ ಮಾಡಿಕೊಂಡ ಎಂದು ಯಾರೋ ಹೇಳಿದರು. ಆದರೂ ಇಷ್ಟು ವರ್ಷವಾದ ಮೇಲೂ, ರೈಲು ಆ ಸ್ಟೇಷನ್ನಿಗೆ ಬರುವಾಗ ಅವಳು ಸೀಟಿನಲ್ಲಿ ಕೂತಿರಲಾರಳು. ಇದನ್ನು ಅವಳು ಹೇಳಿದ್ದು ಜಗತ್ತಿನಲ್ಲಿ ಒಬ್ಬಳಿಗೆ. ಗುಬ್ಬಚ್ಚಿ ಸ್ವಲ್ಪ ಹೊತ್ತು ಏನೂ ಬರೆಯದೆ, ಆಮೇಲೆ ಬರೆದಿದ್ದಳು: "ಮುಂದಿನ ಸಲ ನಿಂತಾಗ ನನ್ನ ಹೆಸರಲ್ಲೂ ಒಂದು ಸಲ ಕೈ ಬೀಸು. ನನಗೆ ಬೀಸೋಕೆ ರೈಲೂ ಇಲ್ಲ, ಬಾಗಿಲೂ ಇಲ್ಲ."

ಮಾರನೆಯ ದಿನ ಕಟ್ಟೆಯಲ್ಲಿ ಗುಬ್ಬಚ್ಚಿಯ ಹೆಸರಿನಲ್ಲಿ ಒಂದು ಸಾಲು ಬಂತು: ನಿನ್ನೆ ಬಂದವಳು ನಾನಲ್ಲ. ಎಲ್ಲರೂ ಬೆಚ್ಚಿಬಿದ್ದರು. ಮಧ್ಯಾಹ್ನದ ಹೊತ್ತಿಗೆ ಗುಂಪಿನ ಹಿರಿಯರಾದ ಷಡಕ್ಷರಪ್ಪ ಯಶೋಧರಾಳ ಆಫೀಸಿಗೆ ಬಂದು ಕೂತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟಾಗಿದ್ದು ನಿವೃತ್ತಿ ತೆಗೆದುಕೊಂಡಿದ್ದ ಮನುಷ್ಯ, ಕಟ್ಟೆಯಲ್ಲಿ 'ಸೈರನ್'. "ಯಾರು ಅವಳು, ಪತ್ತೆ ಮಾಡಿಕೊಡಿ ಮೇಡಂ" ಎಂದಿದ್ದರು. ದನಿ ನಡುಗುತ್ತಿತ್ತು. ಗುಬ್ಬಚ್ಚಿಯ ಮೇಲೆ ಇವರಿಗೂ ಎಷ್ಟು ಪ್ರೀತಿ ಎಂದುಕೊಂಡಿದ್ದಳು ಅವಳು.

* * *

"ಯಾಕೆ ಬಂದ್ರಿ ದಿವ್ಯಶ್ರೀ? ನಮ್ಮನ್ನೆಲ್ಲ ಮೂರ್ಖರನ್ನಾಗಿ ಮಾಡಿ ಏನು ಸಿಕ್ತು?"

ದಿವ್ಯಶ್ರೀಯ ಕಣ್ಣು ತುಂಬಿತು. "ಮೂರ್ಖರನ್ನಾಗಿ ಮಾಡೋಕಲ್ಲ ಮೇಡಂ. ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸಿ, ಮೊದಲನೇ ಗಿರಾಕಿ ಬರೋದ್ರೊಳಗೆ ನಿಮ್ಮ ಕಟ್ಟೆ ಓದ್ತೀನಿ. ನಿಮ್ಮ ಮಾತು ಓದಿ ಒಬ್ಬಳೇ ನಗ್ತೀನಿ. ಬೆಣ್ಣೆಮುರುಕು ಅಕ್ಕ ಹೇಳಿದ ಚಟ್ನಿ ಮನೇಲಿ ಮಾಡ್ತೀನಿ. ಒಂದು ಸಲಾನೂ ಬರೆದಿಲ್ಲ."

"ಬರೀಬಹುದಿತ್ತಲ್ಲ? ಯಾರು ಬೇಡ ಅಂತಿದ್ರು?"

"ಏನಂತ ಬರೀಲಿ? ನನ್ನ ಬಾಯಲ್ಲಿ ಬರೋದು 'ಟೈಮ್ ಆಯ್ತು ಏಳಿ' ಒಂದೇ." ಸೆರಗಿನಿಂದ ಮೂಗೊರೆಸಿಕೊಂಡಳು. "ಎಲ್ಲರೂ ಸೇರ್ತಾರೆ ಅಂತ ಓದಿದೆ. ದೂರದಿಂದ ನೋಡಿ ಬರೋಣ ಅಂತ ಹೊರಟಿದ್ದು, ಆಣೆ ಮೇಡಂ. ಬಾಗಿಲಲ್ಲಿ ನಿಂತಿದ್ದೆ. ನೀವು ಎದ್ದು ಬಂದು, 'ಗುಬ್ಬೀ, ಬಂದ್ಯಾ?' ಅಂತ ಕೈ ಹಿಡಿದ್ರಿ. ನನ್ನನ್ನ ಹಾಗೆ ಯಾರೂ ಕರೆದಿರಲಿಲ್ಲ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಯಶೋಧರಾ ಕುರ್ಚಿ ಎಳೆದುಕೊಂಡು ಕೂತಳು. ಬೈಯಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿಗೋ ಹೋಯಿತು. ಬೆಳಗಿನ ತಿಂಡಿ ಏನು ಎಂದು ಕೇಳುವವರಿಲ್ಲದ ಮನೆ ಹೇಗಿರುತ್ತದೆಂದು ಅವಳಿಗೂ ಗೊತ್ತಿತ್ತು.

ಆದರೆ ಕಸುಬಿನ ಬುದ್ಧಿ ಸುಮ್ಮನಿರಲಿಲ್ಲ.

"ಅದೆಲ್ಲ ಸರಿ. ನಿಜವಾದ ಗುಬ್ಬಚ್ಚಿ ಐದು ನಿಮಿಷ ಬಿಟ್ಟು ಬಂದಿದ್ರೆ? ಅಷ್ಟು ಹೊತ್ತು ನಿರಾಳವಾಗಿ ಕೂತಿದ್ರಲ್ಲ, ಅವಳು ಬರಲ್ಲ ಅಂತ ನಿಮಗೆ ಹೇಗೆ ಗೊತ್ತಿತ್ತು?"

ದಿವ್ಯಶ್ರೀ ತಲೆ ತಗ್ಗಿಸಿದಳು.

"ಹೇಳಿ."

"ಗುಬ್ಬಚ್ಚಿ ಬರೋಕೆ ಸಾಧ್ಯ ಇರಲಿಲ್ಲ ಮೇಡಂ. ಆಗಲೇ ಬಂದು ಕೂತಿದ್ರಲ್ಲ."

"ಅಂದ್ರೆ?"

"ಗುಬ್ಬಚ್ಚಿ ಹೆಂಗಸಲ್ಲ. ದಿನಾ ಇಲ್ಲೇ, ಆ ಕಿಟಕಿ ಸೀಟಲ್ಲಿ ಕೂತು ಬರೀತಿದ್ರು. ಅವರು ಬರೋ ಹೊತ್ತಿಗೆ ಮೇಜಲ್ಲಿ ಅಣ್ಣ ಇರ್ತಾನೆ; ನಾನು ಹಿಂದಿನ ಗೂಡಿಂದ ಕಣ್ಣಾರೆ ನೋಡಿದೀನಿ, ಅವರು ನನ್ನ ಮುಖ ನೋಡಿಲ್ಲ. ಅವತ್ತು ನಿಮ್ಮ ಪಕ್ಕದ ಕುರ್ಚಿಲೇ ಇದ್ರಲ್ಲ, ಹಿರಿಯರು. ಕಾರ್ಖಾನೆ ಆಫೀಸಿನೋರು."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಯಶೋಧರಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ರೈಲಿನ ಬಾಗಿಲು. ಪ್ಲಾಟ್‌ಫಾರಮ್ಮು. ಬೀಸಿದ ಕೈ. ಎಲ್ಲವನ್ನೂ ಒಬ್ಬ ಗಂಡಸು ಕೂತು ಓದಿದ್ದ. ಅದೇ ಗಂಡಸು ಭಾನುವಾರ ಅವಳ ಪಕ್ಕ ಕೂತು ಸಾಂಬಾರು ಕೇಳಿ ಹಾಕಿಸಿಕೊಂಡಿದ್ದ.

ಆಮೇಲೆ ಇನ್ನೊಂದು ಹೊಳೆಯಿತು. ಮೆಟ್ಟಿಲು ಹತ್ತುವ ಮುಂಚೆ ಅವಳೇ ಷಡಕ್ಷರಪ್ಪನವರಿಗೆ ಫೋನ್ ಮಾಡಿ, "ಹೊಸಮನೇಲಿ ಒಂದು ಸೆಂಟರ್ ಮೇಲೆ ಅನುಮಾನ ಇದೆ ಸಾರ್" ಎಂದಿದ್ದಳು. "ಬಂದೆ" ಎಂದಿದ್ದರು ಅವರು. ಎಲ್ಲಿ, ಯಾವ ರಸ್ತೆ ಎಂದು ಕೇಳಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು.

* * *

ಷಡಕ್ಷರಪ್ಪ ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿದರು. ಏನು ನಡೆದಿದೆ ಎಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಹಣೆಯ ಬೆವರು ಒರೆಸಿಕೊಂಡು ನಿಂತರು.

"ಕೂತ್ಕೊಳ್ಳಿ ಸಾರ್," ಅಂದಳು ಯಶೋಧರಾ. "ನಿಮ್ಮ ಸೀಟಲ್ಲೇ ಕೂತ್ಕೊಳ್ಳಿ. ಕಿಟಕಿ ಪಕ್ಕ."

"ಯಶೋಧರಮ್ಮ, ನಾನು ಹೇಳೋದನ್ನ ಒಂದು ಸಲ..."

"ನನ್ನ ಹತ್ರ ಇವಳನ್ನ ಯಾಕೆ ಹುಡುಕಿಸಿದ್ರಿ? ನಿಮ್ಮ ಗುಟ್ಟು ಯಾರಿಗೆ ಗೊತ್ತಾಗಿದೆ ಅಂತ ತಿಳ್ಕೊಳ್ಳೋಕಾ?"

"ಅಲ್ಲ!" ಮುದುಕರ ದನಿ ಒಡೆಯಿತು. "ಬಂದವಳೇ ಅವಳೇನೋ ಅಂತ ನಾನೂ ನಂಬಿದ್ದೆ ಕಣಮ್ಮ. ಗುಬ್ಬಚ್ಚಿ ಮುಖ ನಾನೂ ನೋಡಿಲ್ಲ."

ದಿವ್ಯಶ್ರೀ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಒಂದು ವರ್ಷದ ಹಿಂದೆ ನನ್ನ ಮೊಬೈಲಿಗೆ ಒಂದು ರಾಂಗ್ ನಂಬರ್ ಬಂತು," ಅಂದರು ಷಡಕ್ಷರಪ್ಪ. "ಹೆಣ್ಣು ದನಿ. ತಪ್ಪಾಯ್ತು ಅಂತ ಇಟ್ಟುಬಿಡಬೇಕಿತ್ತು, ಇಡಲಿಲ್ಲ. 'ಸ್ವಲ್ಪ ಹೊತ್ತು ಮಾತಾಡ್ತೀರಾ? ಯಾರ ಹತ್ರಾನೂ ಮಾತಾಡಿ ಬಹಳ ದಿನ ಆಯ್ತು' ಅಂದ್ಲು. ಆಮೇಲೆ ದಿನಾ ಮಾಡೋಳು, ಯಾವಾಗಲೂ ಪಿಸುದನಿಲಿ; ಅದಕ್ಕೇ ಅವತ್ತು ಹೋಟೆಲಲ್ಲಿ ದನಿ ಬೇರೆ ಅಂತ ಹೊಳೀಲಿಲ್ಲ. ಹೆಸರು ಹೇಳಲಿಲ್ಲ. ನಾನು ಹರಟೆಕಟ್ಟೆ ಬಗ್ಗೆ ಹೇಳಿದೆ. ಅವಳಿಗೆ ಎಷ್ಟು ಆಸೆ ಆಯ್ತು ಅಂದ್ರೆ... 'ನಾನು ಹೇಳ್ತೀನಿ, ನೀವು ಬರೀತೀರಾ?' ಅಂದ್ಲು."

"ಅದಕ್ಕೇ!" ದಿವ್ಯಶ್ರೀ ಎದ್ದು ನಿಂತಳು. "ಯಾವಾಗ್ಲೂ ಕಿವೀಲಿ ಫೋನ್ ಇಟ್ಕೊಂಡೇ ಬರೀತಿದ್ರಿ! ಮಗಳ ಜೊತೆ ಮಾತಾಡ್ತಾರೇನೋ ಅಂದ್ಕೊಂಡಿದ್ದೆ."

"ಅವಳು ಹೇಳೋಳು, ನಾನು ಕುಟ್ಟೋನು. ಜೀವಮಾನ ಇಡೀ ಬೇರೆಯವರು ಹೇಳಿದ್ದನ್ನೇ ಕುಟ್ಟಿದ ಕೈ ಇದು. ಒಂದಕ್ಷರ ನನ್ನದು ಸೇರಿಸಲಿಲ್ಲ. ನೀವು ಬರೆದಿದ್ದನ್ನ ಓದಿ ಹೇಳೋನು." ಅವರು ಯಶೋಧರಾಳ ಕಡೆ ನೋಡಲಾರದೆ ನೆಲ ನೋಡಿದರು. "ಆ ರೈಲಿನ ಮಾತು ಓದಿ ಹೇಳಿದಾಗ ಫೋನಲ್ಲಿ ಅಳು ಕೇಳಿಸ್ತು. ಎಷ್ಟೋ ಹೊತ್ತಾದ ಮೇಲೆ, ಕೈ ಬೀಸು ಅಂತ ಬರೀರಿ ಅಂದ್ಲು. ಅದನ್ನ ನಾನು ಕೇಳಿಸ್ಕೊಂಡಿದ್ದು ತಪ್ಪು. ಆದರೆ ಆ ಉತ್ತರ ಅವಳದೇ."

ಗುಬ್ಬಚ್ಚಿ ಇದ್ದಳು. ಇಷ್ಟೊತ್ತು ಸತ್ತಂತೆ ಬಿದ್ದಿದ್ದ ಒಂದು ಜೀವ ಮತ್ತೆ ಉಸಿರಾಡಿದಂತಾಯಿತು.

"ಉಪ್ಪಿಟ್ಟಿನ ಮಾತು?" ಎಂದು ಕೇಳಿದಳು.

ಷಡಕ್ಷರಪ್ಪ ಕನ್ನಡಕ ಸರಿಮಾಡಿಕೊಂಡರು.

"ಬಾಗಿಲಿಗೆ ಹೊರಗಿನಿಂದ ಚಿಲಕ ಅನ್ನೋ ಮಾತು, ಅದೂ ಅವಳದೇನಾ ಸಾರ್?"

"ಅವಳದೇ," ಅಂದರು ಅವರು. "ನಗ್ತಾ ಹೇಳೋಳು. ನಾನೂ ನಗ್ತಾನೇ ಕುಟ್ಟಿದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಕಟ್ಟೆಯೇ ನಕ್ಕ ಮಾತು ಅದು. ಕಾಪಾಡಿ, ಕಾಪಾಡಿ ಎಂದು ಒಬ್ಬಳು ದಿನಾ ಕೂಗಿದ್ದಳು. ಹನ್ನೆರಡು ಜನ ನಗುಮುಖದ ಗುರುತು ಹಾಕಿ ಮುಂದೆ ಹೋಗಿದ್ದರು.

"ನಂಬರ್ ಇರಬೇಕಲ್ಲ ನಿಮ್ಮ ಹತ್ರ?"

"ಇದೆ. ನಾನಾಗಿ ಮಾಡಬಾರದು, ಮನೆ ಹುಡುಕಬಾರದು ಅಂತ ಆಣೆ ಹಾಕಿಸ್ಕೊಂಡಿದ್ಲು. ಸೋಮವಾರ ಬೆಳಿಗ್ಗೆ 'ಬಂದವಳು ನಾನಲ್ಲ ಅಂತ ಬರೀರಿ' ಅಂದಿದ್ದೇ ಕೊನೆ, ಆಮೇಲೆ ಅವಳ ಫೋನ್ ಬಂದಿಲ್ಲ. ಆಣೆ ಮುರಿದು ನಾನೇ ಮಾಡಿದೆ. ರಿಂಗ್ ಆಗುತ್ತೆ, ಯಾರೂ ಎತ್ತಲ್ಲ." ಅವರು ಕಿಟಕಿ ಸೀಟಿನತ್ತ ಕೈ ತೋರಿಸಿದರು. "ಈ ಸೆಂಟರಿಗೇ ಹೋಗಿ, ಆ ಕಿಟಕಿ ಹತ್ರಾನೇ ಕೂತ್ಕೊಳ್ಳಿ ಅಂತ ಅವಳೇ ಹೇಳಿದ್ದು. ಯಾಕೆ ಅಂತ ನನಗೆ ಇವತ್ತಿಗೂ ತಿಳೀಲಿಲ್ಲ."

ಯಶೋಧರಾ ಎದ್ದು ಆ ಸೀಟಿಗೆ ಹೋದಳು. ಕಂಪ್ಯೂಟರಿನಲ್ಲಿ ತನ್ನ ಹೆಸರು ಕೊಟ್ಟು ಹರಟೆಕಟ್ಟೆ ತೆರೆದಳು. ಏನು ಹುಡುಕಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಹಳೆಯ ಮಾತುಗಳನ್ನೆಲ್ಲ ಮೊದಲಿನಿಂದ ಓದಬೇಕು, ನಕ್ಕಿದ್ದನ್ನೆಲ್ಲ ಈಗ ನಗದೆ ಓದಬೇಕು ಎಂದಷ್ಟೇ ಮನಸ್ಸಿನಲ್ಲಿತ್ತು.

ಗುಬ್ಬಚ್ಚಿಯ ಹೆಸರಿನ ಮುಂದೆ ಹಸಿರು ಚುಕ್ಕೆ ಬೆಳಗುತ್ತಿತ್ತು.

"ಸಾರ್," ಅಂದಳು ಅವಳು, ಕಣ್ಣು ತೆಗೆಯದೆ. "ನೀವು ಇಲ್ಲಿ ನಿಂತಿದೀರಿ. ಅಲ್ಲಿ ಯಾರಿದಾರೆ?"

ಷಡಕ್ಷರಪ್ಪ ಬಗ್ಗಿ ನೋಡಿದರು. ಕನ್ನಡಕ ಮೂಗಿನಿಂದ ಜಾರಿತು. "ಪಾಸ್‌ವರ್ಡ್ ನನಗೆ ಬಿಟ್ರೆ ಅವಳಿಗೊಬ್ಬಳಿಗೇ ಗೊತ್ತು. ಅವಳೇ ಇಟ್ಟಿದ್ದು."

ಇಬ್ಬರದೇ ಆದ ಕಿಟಕಿ ತಾನಾಗಿ ತೆರೆದುಕೊಂಡಿತು. ಅಕ್ಷರಗಳು ಬಂದವು. ಗುಬ್ಬಚ್ಚಿಯ ಮಾತು ಯಾವಾಗಲೂ ಅಚ್ಚುಕಟ್ಟು, ಚುಕ್ಕೆ, ಅಲ್ಪವಿರಾಮ ಎಲ್ಲ ಸರಿಯಾಗಿರುತ್ತಿತ್ತು. ಅದು ಟೈಪಿಸ್ಟಿನ ಕೈ. ಈಗ ಬಂದದ್ದರಲ್ಲಿ ಚುಕ್ಕೆಯಿಲ್ಲ, ಕೆಲವು ಅಕ್ಷರ ಎರಡೆರಡು ಸಲ ಬಿದ್ದಿದ್ದವು, ಕೆಲವು ಬಿದ್ದೇ ಇರಲಿಲ್ಲ. ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತಿದ ಮಾತು.

*ಕೋಸಂಬರಿ ಹಸಿರು ಸೀರೆ ನಿನಗೆ ಒಪ್ಪಿತ್ತು*

ಯಶೋಧರಾ ಪರದೆಗೆ ಇನ್ನಷ್ಟು ಬಾಗಿದಳು. ಭಾನುವಾರ ಅವಳು ಉಟ್ಟಿದ್ದು ಹಸಿರು ಸೀರೆ. ಅದನ್ನು ಅವಳು ಕಟ್ಟೆಯಲ್ಲಿ ಎಲ್ಲೂ ಬರೆದಿರಲಿಲ್ಲ.

*ನಾನೂ ಬಂದಿದ್ದೆ ದೋಸೆ ತಿನ್ನಬೇಕು ಅಂತ ಇವರ ಹತ್ರ ಹಟ ಹಿಡಿದು ಅದೇ ಹೋಟೆಲಿಗೆ ಕರೆದುಕೊಂಡು ಬಂದೆ ನಿನ್ನ ಹಿಂದಿನ ಟೇಬಲ್*

*ನನ್ನ ಕುರ್ಚಿಲಿ ಯಾರೋ ಕೂತಿದ್ರು ನೀವೆಲ್ಲ ಎಷ್ಟು ನಗ್ತಿದ್ರಿ ಎಬ್ಬಿಸೋಕೆ ಮನಸ್ಸು ಬರಲಿಲ್ಲ*

ಕಾಲ ನಿಂತುಹೋದಂತೆ ಯಶೋಧರಾ ಆ ಸಾಲನ್ನು ನೋಡಿದಳು. ಬಾಗಿಲು, ಬೀಗ, ಮುಖ, ನಡಿಗೆ ಯಾವುದನ್ನೂ ಮರೆಯದ ತಾನು, ಅವತ್ತು ಒಂದು ಸಲವೂ ಹಿಂತಿರುಗಿ ನೋಡಿರಲಿಲ್ಲ. ಎದುರಿಗಿದ್ದ ಸುಳ್ಳು ಗುಬ್ಬಚ್ಚಿಯನ್ನು ನೋಡಿ ಸಾಲದಾಗಿತ್ತು.

*ಗುಬ್ಬೀ, ಎಲ್ಲಿದ್ದೀಯ?* ಎಂದು ಬರೆದಳು.

ಉತ್ತರ ಬರಲಿಲ್ಲ. ಹಸಿರು ಚುಕ್ಕೆ ಮಾತ್ರ ಹಾಗೇ ಇತ್ತು.

"ಮೇಡಂ..." ದಿವ್ಯಶ್ರೀ ಗೋಡೆಗೆ ಆತುಕೊಂಡಿದ್ದಳು. "ನಿಮ್ಮ ಹಿಂದಿನ ಟೇಬಲ್ ನನಗೆ ಎದುರಿಗಿತ್ತು. ನಾನು ನೋಡಿದೀನಿ."

"ಯಾರನ್ನ?"

"ತಲೆ ತುಂಬ ಸೆರಗು ಹೊದ್ದಿದ್ದ ಒಬ್ಬ ಹೆಂಗಸು. ಎದ್ದು ನಮ್ಮ ಟೇಬಲ್ ತನಕ ಬಂದ್ರು. ನನ್ನನ್ನೇ ನೋಡ್ತಾ ನಿಂತ್ರು. ಕೈ ತೊಳೆಯೋಕೆ ಹೋಗ್ಬೇಕು, ನಾನು ದಾರಿಗೆ ಅಡ್ಡ ಇದೀನಿ ಅಂದ್ಕೊಂಡು ಕುರ್ಚಿ ಎಳ್ಕೊಂಡೆ ಮೇ..." ಮಾತು ಅಳುವಿನಲ್ಲಿ ಮುರಿಯಿತು. "ಅವರು ವಾಪಸ್ ಹೋಗಿ ಕೂತ್ರು."

"ಜೊತೆಗಿದ್ದ ಗಂಡಸು?"

"ಅವನನ್ನ ನೋಡಿ ನಾನು ತಲೆ ತಗ್ಗಿಸಿಬಿಟ್ಟೆ. ಗುರುತು ಸಿಕ್ಕಿ ಅಣ್ಣನಿಗೆ ಹೇಳಿದ್ರೆ ಅಂತ ಭಯ. ಮೂರ್ತಪ್ಪ ಅಂತ. ಕಂಟ್ರಾಕ್ಟ್ ಕೆಲಸ ಮಾಡಿಸ್ತಾನೆ. ಹೆಂಡತೀನ ಹೊರಗೆ ಕಳಿಸಲ್ಲ, ನಾವ್ಯಾರೂ ಅವಳನ್ನ ನೋಡೇ ಇಲ್ಲ." ಅವಳು ಕಿಟಕಿಯ ಕಡೆ ಬೆರಳು ತೋರಿಸಿದಳು. "ಎದುರಿನ ಮನೆ. ಮೇಲಿನ ಮಹಡಿ."

ರಸ್ತೆಯ ಆಚೆಗೆ, ಇವರ ಕಿಟಕಿಗೆ ನೇರವಾಗಿ, ಇನ್ನೊಂದು ಕಿಟಕಿ. ಸರಳುಗಳ ಹಿಂದೆ ಅದರ ಬಾಗಿಲು ಅರ್ಧ ತೆರೆದಿತ್ತು.

ಷಡಕ್ಷರಪ್ಪ ಜೇಬಿನಿಂದ ಮೊಬೈಲ್ ತೆಗೆದರು. ಆ ನಂಬರನ್ನು ಒತ್ತಿ, ಕಿವಿಗೆ ಇಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ನಿಂತರು.

ಮಧ್ಯಾಹ್ನದ ರಸ್ತೆ ಬಿಕೋ ಎನ್ನುತ್ತಿತ್ತು. ಎದುರು ಮನೆಯ ಮಹಡಿಯ ಒಳಗಿನಿಂದ ಫೋನಿನ ಗಂಟೆ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು. ಟ್ರಿಣ್ ಟ್ರಿಣ್. ಬಿಟ್ಟು ಮತ್ತೆ. ಖಾಲಿ ಕೋಣೆಯಲ್ಲಿ ಬಡಿದಂತೆ ಅದರ ದನಿ ಗೋಡೆಯಿಂದ ಗೋಡೆಗೆ ತಾಗುತ್ತಿತ್ತು.

"ಇಲ್ಲಿ ಕೂತ್ಕೊಳ್ಳಿ ಅಂದಿದ್ದು..." ಮುದುಕರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ನನ್ನನ್ನ ನೋಡ್ತಾನೇ ಹೇಳೋಳು. ತನ್ನ ಮಾತು ಬರೆಯೋದನ್ನ ನೋಡ್ತಾ."

ಯಶೋಧರಾ ಅಷ್ಟರಲ್ಲೇ ಮೆಟ್ಟಿಲ ಕಡೆ ಓಡಲು ತಿರುಗಿದ್ದಳು. ದಿವ್ಯಶ್ರೀ ಅವಳ ತೋಳು ಹಿಡಿದಳು.

"ಅಲ್ಲಿ ಯಾರೂ ಇಲ್ಲ ಅಕ್ಕಾ. ಮಂಗಳವಾರವೇ ಲಾರಿ ಬಂದು ಸಾಮಾನೆಲ್ಲ ತುಂಬ್ಕೊಂಡು ಹೋಯ್ತು. ಎಲ್ಲಿಗೆ ಅಂತ ಯಾರಿಗೂ ಹೇಳಿಲ್ಲ. ನೋಡಿ."

ಎದುರು ಮನೆಯ ಕೆಳಗಿನ ಗೇಟಿಗೆ ಹೊಸ ರಟ್ಟಿನ ಬೋರ್ಡೊಂದು ನೇತಾಡುತ್ತಿತ್ತು. ಮನೆ ಬಾಡಿಗೆಗಿದೆ.

ಒಂದು ವರ್ಷ. ಇಲ್ಲಿಂದ ಜೋರಾಗಿ ಕೂಗಿದ್ದರೆ ಕೇಳಿಸುವಷ್ಟು ದೂರ. ಯಶೋಧರಾ ಕಿಟಕಿಯ ಸರಳು ಹಿಡಿದು ಆ ಅರ್ಧ ತೆರೆದ ಬಾಗಿಲನ್ನೇ ನೋಡಿದಳು. ಕೈ ತಾನಾಗಿ ಮೇಲೆದ್ದು, ಯಾರೂ ಇಲ್ಲದ ಕಡೆಗೆ ಬೀಸಲು ಹೋಗಿ, ಅರ್ಧದಲ್ಲೇ ನಿಂತಿತು.

"ಯಶೋಧರಮ್ಮ!" ಷಡಕ್ಷರಪ್ಪನವರ ದನಿ. "ಬಂತು, ಉತ್ತರ ಬಂತು."

ಅವಳು ಧಾವಿಸಿ ಬಂದು ಪರದೆಯ ಮುಂದೆ ಬಾಗಿದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಇಷ್ಟು ಹೊತ್ತು ತೆಗೆದುಕೊಂಡು ಬರೆದ ಸಾಲು.

*ಎಲ್ಲಿದೀನಿ ಅಂತ ನನಗೂ ಗೊತ್ತಿಲ್ಲ ಕೋಸಂಬರಿ ರಾತ್ರಿ ಇಡೀ ಲಾರಿಲಿ ಬಂದ್ವಿ ಇಲ್ಲಿ ಬೋರ್ಡಲ್ಲಿರೋ ಅಕ್ಷರ ಯಾವುದೂ ಓದೋಕೆ ಬರ್ತಿಲ್ಲ ಇವರು ಹೊರಗೆ ಹೋದಾಗ ಇವರ ಕಂಪ್ಯೂಟರಲ್ಲಿ ಕದ್ದು ಬರೀತಿದೀನಿ*

ಯಶೋಧರಾ ಕೀಲಿಮಣೆಯ ಮೇಲೆ ಕೈ ಇಟ್ಟಳು. ಬೋರ್ಡು ಹೇಗಿದೆ, ಅಕ್ಷರ ಗುಂಡಗಿದೆಯಾ, ಚೌಕವಾಗಿದೆಯಾ, ಪಕ್ಕದಲ್ಲಿ ಯಾರಿದಾರೆ, ಕೇಳಬೇಕಾದ್ದು ನೂರಿತ್ತು. ಮೊದಲ ಅಕ್ಷರ ಒತ್ತುವಷ್ಟರಲ್ಲಿ ಇನ್ನೊಂದು ಸಾಲು ಬಿತ್ತು. ಈ ಸಲ ಅಕ್ಷರಗಳು ತಪ್ಪಿರಲಿಲ್ಲ, ತಡವಾಗಿರಲಿಲ್ಲ. ಯಾರೋ ಪಳಗಿದ ಕೈ ಒಂದೇ ಉಸಿರಿಗೆ ಕುಟ್ಟಿದಂತಿತ್ತು.

*ಕೋಸಂಬರಿ ಅಂದ್ರೆ ಯಾರು? ನಿಮ್ಮ ಮನೆ ಎಲ್ಲಿ?*